ನೆರೆಹೊರೆ ನೋಡಿ ಲೋಹ ಆರಿಸಿ: ದೋಣಿಯ ಬಿಡಿಭಾಗ ಮಾಡುವವರಿಗೆ 15 ಸೂತ್ರಗಳು

ಜಹೀರಾಬಾದ್, ಝರಾಸಂಗಂ ಸುತ್ತಮುತ್ತ ಲೇತ್ ಅಂಗಡಿ ಎಂದರೆ ಟ್ರ್ಯಾಕ್ಟರ್ ಕೆಲಸ, ಬೋರ್‌ವೆಲ್ ಕೆಲಸ, ಕಬ್ಬು ಸಾಗಿಸುವ ಟ್ರಾಲಿಗಳ ಕೆಲಸ. ಸಮುದ್ರ ನಮಗೆ ಬಹಳ ದೂರ. ಆದರೂ ನನ್ನ ಬೆಂಚಿನ ಮೇಲೆ ದೋಣಿಯ ಭಾಗಗಳು ಬರುತ್ತವೆ. ಬೀಡ್ ಜಿಲ್ಲೆಯ ಬಾಲಾಘಾಟ್ ಗುಡ್ಡಗಳಲ್ಲಿ ಹುಟ್ಟಿದ ಮಂಜೀರಾ, ಬೀದರ್ ಸೀಮೆ ದಾಟಿ ನಾರಾಯಣಖೇಡದ ಕಡೆಗೆ ಬಂದು ಸಿಂಗೂರು ಅಣೆಕಟ್ಟಿನ ಹಿಂದೆ ನಿಲ್ಲುತ್ತದೆ. ಪೂರ್ತಿ ತುಂಬಿದರೆ ಸುಮಾರು 30 ಟಿಎಂಸಿ ನೀರು. ಆಚೆ ಭಾಲ್ಕಿ ಕಡೆ ಕಾರಂಜಾ ಜಲಾಶಯ. ಈ ನೀರಿನ ಮೇಲೆ ಮೀನು ಹಿಡಿದು ಬದುಕುವವರು ಹರಿಗೋಲಿನಂಥ ಪುಟ್ಟಿಯದೋ, ಥರ್ಮಾಕೋಲ್ ತೆಪ್ಪದ್ದೋ, ಫೈಬರ್ ದೋಣಿಯದೋ ಮುರಿದ ತುಂಡು ಹಿಡಿದು ಬರುತ್ತಾರೆ. ಕಂಪನಿಯ ಸ್ಪೇರ್ ಇಲ್ಲಿ ಸಿಗುವುದಿಲ್ಲ. ತರಿಸಿದರೂ ವಾರಗಟ್ಟಲೆ ಕಾಯಬೇಕು, ಅಷ್ಟು ದಿನ ಒಲೆ ಕಾಯುವುದಿಲ್ಲ.

ಹರೆಯದಲ್ಲಿ ಕೆಲವು ವರ್ಷ ಮಲ್ಪೆಯಲ್ಲಿ ದೋಣಿ ಕೆಲಸ ಮಾಡಿ ಊರಿಗೆ ಮರಳಿದವನು ನಾನು. ಉಪ್ಪುನೀರಿನಲ್ಲಿ ಕಲಿತದ್ದನ್ನು ಸಿಹಿನೀರಿನಲ್ಲಿ ತಿದ್ದಿಕೊಂಡಿದ್ದೇನೆ. ಅಳತೆ ತಪ್ಪಿದರೆ ಇನ್ನೊಂದು ಕಡೆದುಕೊಡಬಹುದು. ವಸ್ತುವಿನ ಆಯ್ಕೆ ತಪ್ಪಿದರೆ ಆ ಭಾಗ ತಾನು ಹೋಗುವಾಗ ಪಕ್ಕದ ಭಾಗವನ್ನೂ ಕರೆದುಕೊಂಡು ಹೋಗುತ್ತದೆ. ಅದಕ್ಕೇ ಈ ಸೂತ್ರಗಳು.

1. ಮುರಿದ ತುಂಡನ್ನು ಮೊದಲು ಓದಿ

ಮುರಿದ ಭಾಗ ತಂದವರು ಅದನ್ನು ಗುಜರಿಗೆ ಹಾಕಲು ಆತುರಪಡುತ್ತಾರೆ. ಬೇಡ. ಮುರಿದ ಮುಖವನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿಯಿರಿ. ಮುಖದ ಒಂದು ಪಾಲು ನಯವಾಗಿದ್ದು ಅದರಲ್ಲಿ ಕಪ್ಪೆಚಿಪ್ಪಿನ ಮೇಲಿನಂಥ ಕಮಾನು ಗೆರೆಗಳು ಕಂಡರೆ, ಉಳಿದ ಪಾಲು ಕಲ್ಲುಸಕ್ಕರೆ ಒಡೆದಂತೆ ಒರಟಾಗಿದ್ದರೆ, ಅದು ಒಂದೇ ಏಟಿಗೆ ಮುರಿದದ್ದಲ್ಲ. ಎಲ್ಲೋ ಕೂದಲೆಳೆಯ ಬಿರುಕು ಹುಟ್ಟಿ, ದಿನದಿನವೂ ಬೆಳೆದು, ಕೊನೆಗೆ ಉಳಿದ ಚೂರು ಲೋಹ ಭಾರ ತಾಳದೆ ಕೈಬಿಟ್ಟಿದೆ. ಆ ಗೆರೆಗಳು ಯಾವ ಬಿಂದುವಿನ ಸುತ್ತ ಬಾಗಿವೆಯೋ ಬಿರುಕು ಹುಟ್ಟಿದ್ದು ಅಲ್ಲೇ. ಬಹುಪಾಲು ಅಲ್ಲೊಂದು ಚೂಪು ಮೂಲೆ, ಕೀ ಕೂರುವ ತೋಡಿನ ಅಂಚು ಅಥವಾ ತುಕ್ಕಿನ ಗುಳಿ ಇರುತ್ತದೆ.

ಇಂಥ ಮುರಿತಕ್ಕೆ ಇನ್ನೂ ಗಟ್ಟಿಯಾದ ಉಕ್ಕು ಹಾಕುವುದು ಮದ್ದಲ್ಲ. ಗಟ್ಟಿ ಉಕ್ಕು ಚೂಪು ಮೂಲೆಯನ್ನು ಇನ್ನೂ ಕಡಿಮೆ ಸಹಿಸುತ್ತದೆ. ಅದೇ ಲೋಹ ಇರಲಿ, ಮೂಲೆಗೆ 2–3 ಮಿ.ಮೀ. ದುಂಡು ಕೊಡಿ, ಮೇಲ್ಮೈ ನಯ ಮಾಡಿ. ಮುಖವೆಲ್ಲ ಒಂದೇ ತೆರ ಒರಟಾಗಿದ್ದರೆ ಏಟು ಬಿದ್ದಿದೆ. ಏಟು ಎಲ್ಲಿಂದ ಬಂತು ಎಂದು ದೋಣಿಯವರನ್ನು ಕೇಳಿ. ಮುರಿಯುವ ಮುಂಚೆ ಬಾಗಿ, ಜಗ್ಗಿ, ತೆಳ್ಳಗಾಗಿದ್ದರೆ ಮಾತ್ರ ಲೋಹ ಮೆತ್ತಗಾಯಿತು ಅಥವಾ ದಪ್ಪ ಸಾಲಲಿಲ್ಲ ಎಂದರ್ಥ.

2. ನೀರು ಯಾವುದು ಎಂದು ಕೇಳಿ

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಸಿಂಗೂರಿನದು ಕುಡಿಯುವ ನೀರು. ಮಲ್ಪೆಯಲ್ಲಿ ಒಂದು ವರ್ಷ ತಾಳದ ಬೋಲ್ಟು ಇಲ್ಲಿ ಹತ್ತು ವರ್ಷ ಕೂತಿರಬಹುದು. ಹಾಗಾಗಿ ಸಮುದ್ರದ ಪಟ್ಟಿ ಹಿಡಿದು ಇಲ್ಲಿಯ ಬಡ ಮೀನುಗಾರನಿಗೆ ದುಬಾರಿ ಲೋಹ ಕಟ್ಟುವುದು ಅನ್ಯಾಯ. ನಮ್ಮ ಜಲಾಶಯಗಳಲ್ಲಿ ಹಾನಿ ಮಾಡುವುದು ಉಪ್ಪಲ್ಲ. ಹೊಸ ನೀರಿನ ಜೊತೆ ಬರುವ ಮಣ್ಣು ಮರಳು, ಮತ್ತು ಬೇಸಿಗೆಯ ಬಿಸಿಲು. ಮರಳು ಬುಶ್ ತಿನ್ನುತ್ತದೆ, ಬಿಸಿಲು ಪ್ಲಾಸ್ಟಿಕ್ ತಿನ್ನುತ್ತದೆ. ಇಲ್ಲಿ ದುಡ್ಡು ಖರ್ಚಾಗಬೇಕಾದದ್ದು ಆ ಎರಡು ಕಡೆ.

3. ಭಾಗಕ್ಕಿಂತ ಮೊದಲು ಅದರ ನೆರೆಹೊರೆ ನೋಡಿ

ಒಂದೇ ಒಂದು ಸೂತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಎರಡು ಬೇರೆ ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡು ಒದ್ದೆಯಾದರೆ ಅದೊಂದು ಬ್ಯಾಟರಿ. ಕರೆಂಟು ಹರಿಯುತ್ತದೆ, ಎರಡರಲ್ಲಿ ಒಂದು ಲೋಹ ಕರಗುತ್ತದೆ. ಯಾವುದು ಕರಗುತ್ತದೆ ಎಂಬುದಕ್ಕೆ ಒಂದು ಸಾಲು ಇದೆ: ಮೆಗ್ನೀಸಿಯಂ, ಸತು, ಅಲ್ಯೂಮಿನಿಯಂ, ಕಬ್ಬಿಣ, ಹಿತ್ತಾಳೆ ಮತ್ತು ಕಂಚು, ಕೊನೆಗೆ ಸ್ಟೇನ್‌ಲೆಸ್ ಸ್ಟೀಲ್. ಸಾಲಿನಲ್ಲಿ ಮುಂದೆ ನಿಂತದ್ದು ಕರಗುತ್ತದೆ, ಹಿಂದೆ ನಿಂತದ್ದು ಉಳಿಯುತ್ತದೆ. ಎರಡರ ನಡುವಿನ ದೂರ ಹೆಚ್ಚಿದಷ್ಟೂ, ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಬೇಗ.

ಈ ಸಾಲನ್ನು ಕಣ್ಣಾರೆ ನೋಡಬೇಕೆಂದರೆ ಬೀದರಿಗೆ ಹೋಗಿ, ಬಿದರಿ ಕೆಲಸದ ಅಂಗಡಿಯಲ್ಲಿ ಅರ್ಧ ಗಂಟೆ ಕೂತುಬನ್ನಿ. ಹೂಜಿಯ ಮೈ ಬಹುಪಾಲು ಜಸ್ತ, ಅಂದರೆ ಸತು, ಜೊತೆಗೆ ಸ್ವಲ್ಪ ತಾಮ್ರ. ಅದರಲ್ಲಿ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿದ ಬಿಸಿನೀರಿನಲ್ಲಿ ಅದ್ದುತ್ತಾರೆ. ಜಸ್ತದ ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ನೀರು ಒಂದೇ. ಒಂದು ಲೋಹ ಅದಕ್ಕೆ ಓಗೊಟ್ಟಿತು, ಇನ್ನೊಂದು ಓಗೊಡಲಿಲ್ಲ. ಬಿದರಿಯವರು ಈ ವ್ಯತ್ಯಾಸವನ್ನು ಅಂದಕ್ಕೆ ದುಡಿಸಿಕೊಂಡರು. ದೋಣಿಯವರು ರಕ್ಷಣೆಗೆ ದುಡಿಸಿಕೊಳ್ಳುತ್ತಾರೆ: ದೋಣಿಯ ನೀರೊಳಗಿನ ಲೋಹಕ್ಕೆ ಸತುವಿನ ಗಟ್ಟಿಯೊಂದನ್ನು ಬಿಗಿದು, ಬೇರೆ ಭಾಗಗಳ ಬದಲು ಅದೇ ಕರಗಲಿ ಎಂದು ಬಿಡುತ್ತಾರೆ.

ಈ ಗಟ್ಟಿಯ ವಿಷಯದಲ್ಲಿ ಮೂರು ಎಚ್ಚರ. ಸತು ಉಪ್ಪುನೀರಿಗೆ, ಸಿಹಿನೀರಿನಲ್ಲಿ ಅದರ ಮೇಲೆ ಹೊಪ್ಪಳೆ ಕಟ್ಟಿ ಕೆಲಸ ನಿಲ್ಲಿಸುತ್ತದೆ, ಅಲ್ಲಿಗೆ ಮೆಗ್ನೀಸಿಯಂ ಬೇಕು. ಗಟ್ಟಿಗೆ ಬಣ್ಣ ಬಳಿಯಬಾರದು. ಅರ್ಧ ಕರಗಿದ ಮೇಲೆ ಬದಲಾಯಿಸಬೇಕು. ಅದು ಸವೆಯುತ್ತಿದೆ ಎಂದು ಗಾಬರಿಯಾಗುವವರಿದ್ದಾರೆ. ಸವೆಯದಿದ್ದರೆ ಗಾಬರಿಯಾಗಬೇಕು.

ಇನ್ನೊಂದು ಮಾತು, ವಿಸ್ತಾರದ್ದು. ದೊಡ್ಡ ಅಲ್ಯೂಮಿನಿಯಂ ತಗಡಿಗೆ ಸಣ್ಣ ಸ್ಟೀಲ್ ಬೋಲ್ಟು ಹಾಕಿದರೆ ಹಾನಿ ಹಂಚಿಹೋಗುತ್ತದೆ, ಬಹುದಿನ ತಾಳುತ್ತದೆ. ದೊಡ್ಡ ಸ್ಟೀಲ್ ತಗಡಿಗೆ ಸಣ್ಣ ಅಲ್ಯೂಮಿನಿಯಂ ರಿವೆಟ್ ಹಾಕಿದರೆ ಇಡೀ ತಗಡಿನ ಹಸಿವು ಆ ಪುಟ್ಟ ರಿವೆಟ್ಟಿನ ಮೇಲೆ ಬೀಳುತ್ತದೆ. ಹಿಡಿದಿಡುವ ಸಣ್ಣ ಭಾಗ ಯಾವಾಗಲೂ ಸಾಲಿನಲ್ಲಿ ಹಿಂದೆ ನಿಂತ ಲೋಹದ್ದೇ ಇರಲಿ. ಬೇರೆ ಲೋಹಗಳು ಸೇರಲೇಬೇಕಾದ ಕಡೆ ನಡುವೆ ನೈಲಾನ್ ವಾಷರ್ ಕೊಡಿ. ವಾಷರ್ ಮಾತ್ರ ಸಾಲದು, ಬೋಲ್ಟಿನ ಮೈಗೂ ಪ್ಲಾಸ್ಟಿಕ್ ತೋಳು ತೊಡಿಸಿ. ತೂತಿನೊಳಗೆ ಲೋಹ ಲೋಹ ಮುಟ್ಟಿಕೊಂಡರೆ ಹೊರಗಿನ ವಾಷರ್ ಇದ್ದೂ ಇಲ್ಲದಂತೆ.

4. ಮುರಿಯಬೇಕಾದದ್ದು ಮುರಿಯಲಿ

ಒಮ್ಮೆ ಎಂಜಿನ್ ದೋಣಿಯ ಒಬ್ಬ ಅಣ್ಣ ಬಂದರು. ಕೈಯಲ್ಲಿ ಬೆರಳುದ್ದದ ಹಿತ್ತಾಳೆ ಪಿನ್ನು, ಎರಡು ತುಂಡು. ನೀರು ತಳ್ಳುವ ಫ್ಯಾನನ್ನು ಶಾಫ್ಟಿಗೆ ಹಿಡಿದಿಡುವ ಪಿನ್ನು ಅದು.

“ವರ್ಷದಾಗ ಇದು ಮೂರನೇದ್ದು ನೋಡ್ರಿ ಉಸ್ತಾದ್. ಈ ಸಲ ಮುರೀಬಾರ್ದು. ಗಟ್ಟಿ ಸ್ಟೀಲೇ ಹಾಕ್ರಿ.”

“ಅಣ್ಣಾ, ಇದು ಮುರೀಲಿಕ್ಕೇ ಇಟ್ಟಿದ್ದು. ಇದು ಮುರೀಲಿಲ್ಲಂದ್ರ ಒಳಗಿನ ಗೇರ್ ಮುರೀತದ. ಮೂರು ಪಿನ್ ಮಾಡಿಕೊಡ್ತೀನಿ, ಎರಡು ದೋಣ್ಯಾಗ ಇಟ್ಕೋರಿ.”

ಅವರಿಗೆ ಸಮಾಧಾನವಾಗಲಿಲ್ಲ. ಆದರೆ ಮುಳುಗಿದ ಬಂಡೆಗೋ ಕಟ್ಟಿಗೆಗೋ ಫ್ಯಾನು ಬಡಿದಾಗ ಆ ಏಟು ಎಲ್ಲಿಗಾದರೂ ಹೋಗಲೇಬೇಕು. ಕೆಲವು ರೂಪಾಯಿಯ ಪಿನ್ನು ಅದನ್ನು ತನ್ನ ಮೇಲೆ ಎಳೆದುಕೊಳ್ಳುತ್ತದೆ. ಸ್ಟೀಲ್ ಪಿನ್ನು ಹಾಕಿ ನಾನು ದುಡ್ಡು ತಗೊಂಡಿದ್ದರೆ ಅದು ಅವರ ಗೇರ್‌ಬಾಕ್ಸಿಗೆ ನಾನು ಮಾಡಿದ ದ್ರೋಹ. ಯಾವ ಭಾಗ ಬಲಿಯಾಗಲೆಂದೇ ಇದೆ ಎಂದು ಮೊದಲು ಗುರುತಿಸಿ. ಅದನ್ನು ಅದೇ ಲೋಹದಲ್ಲಿ, ಅದೇ ದಪ್ಪದಲ್ಲಿ ಮಾಡಿ. ಅರ್ಧ ಮಿ.ಮೀ. ದಪ್ಪ ಮಾಡಿದರೂ ಲೆಕ್ಕ ಕೆಟ್ಟಿತು.

5. ಬುಶ್ ಮೆತ್ತಗಿರಲಿ, ಶಾಫ್ಟ್ ಗಟ್ಟಿ ಇರಲಿ

ಉಜ್ಜಿಕೊಳ್ಳುವ ಜೋಡಿಯಲ್ಲಿ ಬದಲಾಯಿಸಲು ಸುಲಭವಾದದ್ದು ಸವೆಯಬೇಕು. ಸ್ಟೀಲ್ ಶಾಫ್ಟಿಗೆ ಸ್ಟೀಲ್ ಬುಶ್ ಹಾಕಿದರೆ ಎರಡೂ ಕಚ್ಚಿಕೊಂಡು ಕೂರುತ್ತವೆ. ಗನ್‌ಮೆಟಲ್ ಬುಶ್ ಒಳ್ಳೆಯದು. ಮರಳು ನೀರಿನಲ್ಲಿ ಉದ್ದುದ್ದ ಕಾಲುವೆಗಳಿರುವ ರಬ್ಬರ್ ಬುಶ್ ಇನ್ನೂ ಒಳ್ಳೆಯದು: ನೀರೇ ಅದಕ್ಕೆ ಎಣ್ಣೆ, ಮರಳಿನ ಕಣ ಉರುಳಿಕೊಂಡು ಕಾಲುವೆಗೆ ಬಿದ್ದು ಹೊರಗೆ ಹೋಗುತ್ತದೆ.

ನೈಲಾನ್ ಬಗ್ಗೆ ಎಚ್ಚರ. ಚುಕ್ಕಾಣಿಯ ಬುಶ್ ಒಂದನ್ನು ನೈಲಾನಿನಲ್ಲಿ ಕಡೆದು, ಗನ್‌ಮೆಟಲ್ಲಿಗೆ ಕೊಡುವಷ್ಟೇ ಬಿಗಿ ಅಳತೆ ಕೊಟ್ಟು ಕಳಿಸಿದ್ದೆ. ಬೆಂಚಿನ ಮೇಲೆ ಬೆಣ್ಣೆಯಂತೆ ತಿರುಗಿತ್ತು. ಕೆಲವು ದಿನ ನೀರಿನಲ್ಲಿದ್ದ ಮೇಲೆ ಚುಕ್ಕಾಣಿ ಅಲುಗಲಿಲ್ಲ. ನೈಲಾನ್ ನೀರು ಕುಡಿಯುತ್ತದೆ. ನೈಲಾನ್-6 ಪೂರ್ತಿ ನೆನೆದರೆ ತನ್ನ ತೂಕದ ಸುಮಾರು 9% ನೀರು ಹೀರಿ ಊದಿಕೊಳ್ಳುತ್ತದೆ. ಅಂಗಡಿಯಲ್ಲಿ ಡೆಲ್ರಿನ್ ಎಂದು ಕೇಳಿದರೆ ಸಿಗುವ ಅಸಿಟಾಲ್ ಸುಮಾರು 1% ಮಾತ್ರ ಹೀರುತ್ತದೆ. ನೋಡಲು ಎರಡೂ ಬಿಳಿ ಸಲಾಕೆ, ಕೈಯಲ್ಲಿ ಹಿಡಿದರೆ ಡೆಲ್ರಿನ್ ಭಾರ. ನೀರಿನಲ್ಲಿ ತಿರುಗುವ ಬುಶ್‌ಗೆ ಅದೇ ಸರಿ. ನೈಲಾನ್ ಬಿಟ್ಟರೆ ಗತಿಯಿಲ್ಲ ಎಂದಾದರೆ ತುಂಡನ್ನು ಮೊದಲೇ ಬಹುದಿನ ನೀರಿನಲ್ಲಿ ನೆನೆಸಿ ಆಮೇಲೆ ಕಡೆಯಿರಿ.

6. “ಸ್ಟೀಲ್ ಕೊಡಿ” ಎಂದು ಕೇಳಬೇಡಿ, ನಂಬರ್ ಕೇಳಿ

ನಮ್ಮ ಕಡೆ ಹೊಳೆಯುವುದೆಲ್ಲ ಸ್ಟೀಲ್. ಆದರೆ 304ರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್. 316ರಲ್ಲಿ ಇವುಗಳ ಜೊತೆ 2–3% ಮಾಲಿಬ್ಡಿನಂ ಸೇರಿ ಉಪ್ಪನ್ನು ಎದುರಿಸುವ ಶಕ್ತಿ ಬರುತ್ತದೆ. 202 ಎಂಬುದರಲ್ಲಿ ದುಬಾರಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ. ಮನೆಯ ರೇಲಿಂಗಿಗೆ ನಡೆದೀತು, ದೋಣಿಗೆ ಬೇಡ. ಸಿಂಗೂರಿಗೆ 304 ಸಾಕು. ಮಲ್ಪೆ, ಕಾರವಾರ, ಕಾಸರಗೋಡಿನ ದೋಣಿಗೆ 316 ಇಲ್ಲದೆ ಕೈ ಹಾಕಬೇಡಿ. ವೆಲ್ಡಿಂಗ್ ಆಗುವ ಭಾಗವಾದರೆ ಕಾರ್ಬನ್ ಕಡಿಮೆ ಇರುವ 304ಎಲ್, 316ಎಲ್ ಕೇಳಿ.

ಚುಂಬಕ ಹಿಡಿದು ಪರೀಕ್ಷೆ ಮಾಡುವುದನ್ನು ನಂಬಬೇಡಿ. 202ಕ್ಕೂ ಚುಂಬಕ ಅಂಟುವುದಿಲ್ಲ. ಒಳ್ಳೆಯ 304ನ್ನೇ ಬಾಗಿಸಿ ಬಡಿದರೆ ಸ್ವಲ್ಪ ಅಂಟುತ್ತದೆ. ಮಲ್ಪೆಯಲ್ಲಿದ್ದಾಗ ಚುಂಬಕ ಅಂಟಲಿಲ್ಲವೆಂಬ ಒಂದೇ ಧೈರ್ಯದಲ್ಲಿ ಒಂದು ಅಂಗಡಿಯಿಂದ ಬೋಲ್ಟು ತಂದೆ. ಒಂದೇ ಮಳೆಗಾಲಕ್ಕೆ ಪ್ರತಿ ಬೋಲ್ಟಿನ ಕೆಳಗೂ ಕಂದು ಕಣ್ಣೀರು ಇಳಿದಿತ್ತು. ಆ ದೋಣಿಯ ಮಾಲಕರ ಮುಖ ಇನ್ನೂ ಕಣ್ಣ ಮುಂದಿದೆ. ಲೋಹ ಮಾರುವವರ ಹತ್ತಿರ ಹನಿ ಪರೀಕ್ಷೆಯ ಸಣ್ಣ ಶೀಶೆ ಇರುತ್ತದೆ: ಮಾಲಿಬ್ಡಿನಂ ತೋರಿಸುವುದೊಂದು, ಮ್ಯಾಂಗನೀಸ್ ತೋರಿಸುವುದೊಂದು. ಒಂದು ಹನಿ ಹಾಕಿಸಿ, ಬಣ್ಣ ತಿರುಗುವುದನ್ನು ನೀವೇ ನೋಡಿ. ಹೆಚ್ಚು ಮಾಲು ಕೊಳ್ಳುವಾಗ ಕಾರ್ಖಾನೆಯ ಪರೀಕ್ಷಾ ಪತ್ರ ಕೇಳಿ, ಅದರ ಮೇಲಿನ ಹೀಟ್ ನಂಬರೂ ಸಲಾಕೆಯ ಮೇಲಿನ ನಂಬರೂ ಒಂದೇ ಇದೆಯೇ ಎಂದು ಹೊಂದಿಸಿ.

7. ಸ್ಟೀಲಿಗೆ ಗಾಳಿ ಬೇಕು

ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಅದರ ಮೈಮೇಲಿನ ಕಣ್ಣಿಗೆ ಕಾಣದ ಪೊರೆ. ಆ ಪೊರೆ ಕಟ್ಟಲು ಆಮ್ಲಜನಕ ಬೇಕು. ಒದ್ದೆ ಮರದೊಳಗೆ, ನೀರು ನಿಂತ ಸಂದಿಯಲ್ಲಿ ಉಸಿರುಗಟ್ಟಿದ ಬೋಲ್ಟು ಹೊರಗೆ ಹೊಳೆಯುತ್ತಲೇ ಒಳಗೆ ಗುಳಿಬಿದ್ದು ಸಾಯುತ್ತದೆ. ತಲೆ ನೋಡಿ ಮೋಸ ಹೋಗಬೇಡಿ, ವರ್ಷಕ್ಕೊಂದು ಬೋಲ್ಟು ಬಿಚ್ಚಿ ಮೈ ನೋಡಿ.

ಕಬ್ಬಿಣ ಉಜ್ಜಿದ ಗ್ರೈಂಡಿಂಗ್ ಕಲ್ಲು, ಕಬ್ಬಿಣದ ತಂತಿ ಬ್ರಶ್ ಸ್ಟೀಲಿಗೆ ತಾಗಿಸಲೇಬೇಡಿ. ಕಬ್ಬಿಣದ ಪುಡಿ ಅದರ ಮೈಗೆ ಹೊಕ್ಕು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಟ್ರ್ಯಾಕ್ಟರ್ ಕೆಲಸದ ಅಂಗಡಿಯಲ್ಲಿ ಇದು ದಿನನಿತ್ಯದ ತಪ್ಪು. ಸ್ಟೀಲಿಗೆಂದೇ ಒಂದು ಕಲ್ಲು ಬೇರೆ ಇಡಿ, ಅದರ ಮೇಲೆ ಬಣ್ಣದ ಗುರುತು ಹಾಕಿ. ಸ್ಟೀಲ್ ಬೋಲ್ಟಿಗೆ ಸ್ಟೀಲ್ ನಟ್ ಒಣದಾಗಿ ತಿರುಗಿಸಿದರೆ ಎರಡೂ ಬೆಸೆದುಕೊಳ್ಳುತ್ತವೆ. ಸ್ವಲ್ಪ ಗ್ರೀಸ್ ಹಚ್ಚಿ, ನಿಧಾನ ತಿರುಗಿಸಿ.

8. ಅಲ್ಯೂಮಿನಿಯಂ ಕರಗಿಸಿ ಎರಕ ಹೊಯ್ಯಬೇಡಿ

ಹಳೆಯ ಪಿಸ್ಟನ್, ಪಾತ್ರೆ, ಕಿಟಕಿಯ ಚೌಕಟ್ಟು ಎಲ್ಲ ಸೇರಿಸಿ ಕರಗಿಸಿದರೆ ಅದರಲ್ಲಿ ತಾಮ್ರ ಎಷ್ಟು ಸೇರಿತೋ ಹೇಳುವವರಿಲ್ಲ. ತಾಮ್ರ ಸೇರಿದ ಅಲ್ಯೂಮಿನಿಯಂ ನೀರಿನಲ್ಲಿ ಬಿಳಿ ಹಿಟ್ಟಾಗುತ್ತದೆ. ತಗಡಿಗೆ 5052 ಅಥವಾ 5083 ತನ್ನಿ. ಕಡೆಯುವ ಭಾಗಕ್ಕೆ 6061 ಚೆನ್ನ, ಆದರೆ ಅದನ್ನು ವೆಲ್ಡ್ ಮಾಡಿದರೆ ಬೆಸುಗೆಯ ಪಕ್ಕದ ಪಟ್ಟಿ ತನ್ನ ಬಲದ ಮೂರನೇ ಒಂದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತದೆ. ಅಲ್ಲಿ ದಪ್ಪ ಹೆಚ್ಚಿಸಿ, ಇಲ್ಲವೆ ಬೋಲ್ಟ್ ಹಾಕಿ.

9. ಹಿತ್ತಾಳೆ ಸಮುದ್ರಕ್ಕಲ್ಲ

ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಉಪ್ಪುನೀರಿನಲ್ಲಿ ಸತು ಮಾತ್ರ ಕರಗಿ ಹೊರಗೆ ಹೋಗುತ್ತದೆ, ಸ್ಪಂಜಿನಂಥ ತಾಮ್ರ ಉಳಿಯುತ್ತದೆ. ಆಕಾರ ಹಾಗೇ ಇರುತ್ತದೆ, ಬಲ ಇರುವುದಿಲ್ಲ. ಕೆರೆದು ನೋಡಿದಾಗ ಹಳದಿಯ ಬದಲು ಗುಲಾಬಿ ಕೆಂಪು ಕಂಡರೆ ಕಥೆ ಮುಗಿದಿದೆ. ನೀರಿನ ಮಟ್ಟದ ಕೆಳಗಿನ ವಾಲ್ವ್, ಬುಶ್‌ಗಳಿಗೆ ಗನ್‌ಮೆಟಲ್ ಹಾಕಿ. ಸಾಮಾನ್ಯವಾಗಿ ಸಿಗುವುದು 85-5-5-5: ತಾಮ್ರ 85, ತವರ, ಸೀಸ, ಸತು ತಲಾ 5. ‘ಮ್ಯಾಂಗನೀಸ್ ಬ್ರಾಂಝ್’ ಎಂದು ಮಾರುವ ಫ್ಯಾನಿನ ಲೋಹ ಹೆಸರಿಗೆ ಕಂಚು, ಜಾತಿಯಲ್ಲಿ ಹಿತ್ತಾಳೆಯೇ. ಅದಕ್ಕೆ ಸತುವಿನ ಕಾವಲು ಬೇಕೇ ಬೇಕು.

10. ಥರ್ಮಾಕೋಲಿಗೆ ಪಾಲಿಯೆಸ್ಟರ್ ರೆಸಿನ್ ಬಳಿಯಬೇಡಿ

ಥರ್ಮಾಕೋಲ್ ಹಲಗೆಗಳನ್ನು ಕಟ್ಟಿ, ಮೇಲೆ ಗೋಣಿಯೋ ತಾಡಪತ್ರಿಯೋ ಸುತ್ತಿ ತೆಪ್ಪ ಮಾಡಿಕೊಂಡು ಜಲಾಶಯಕ್ಕೆ ಇಳಿಯುವವರು ಅನೇಕರು. ಬಿಸಿಲಿಗೆ ಅದು ಪುಡಿಯಾಗುತ್ತದೆ, ಅಂಚು ಒಡೆಯುತ್ತದೆ. ಒಬ್ಬ ಹುಡುಗ ತನ್ನ ಅಪ್ಪನ ತೆಪ್ಪಕ್ಕೆ ಫೈಬರ್ ಕವಚ ಮಾಡಿಕೊಡಿ ಎಂದು ಬಂದ. ಎಷ್ಟೋ ದೋಣಿಗೆ ಮಾಡಿದ ಕೆಲಸ, ನಾನು ಯೋಚನೆಯನ್ನೇ ಮಾಡಲಿಲ್ಲ. ಪಾಲಿಯೆಸ್ಟರ್ ರೆಸಿನ್ ಕಲಸಿ ಬ್ರಶ್ಶಿನಲ್ಲಿ ಒಂದು ಅಡಿ ಎಳೆದೆ. ಬ್ರಶ್ ಹೋದ ದಾರಿಯಲ್ಲೇ ಬಿಳಿ ಹಲಗೆ ಕುಸಿಯಿತು, ಬಿಸಿ ಅನ್ನದ ಮೇಲೆ ತುಪ್ಪ ಇಳಿದಂತೆ. ಗುಳಿಯ ತಳದಲ್ಲಿ ಅಂಟು ಅಂಟು ಲೋಳೆ. ಹುಡುಗ ಮಾತಾಡಲಿಲ್ಲ, ಹಲಗೆಯ ಅಂಚು ಹಿಡಿದುಕೊಂಡು ನಿಂತ. ಆ ಹಲಗೆಯ ದುಡ್ಡು ನಾನೇ ಕೊಟ್ಟೆ.

ಕಾರಣ ಸರಳ. ಪಾಲಿಯೆಸ್ಟರ್ ರೆಸಿನ್ ತೆಳುವಾಗಿರುವುದು ಸ್ಟೈರೀನ್ ಎಂಬ ದ್ರವದಿಂದ. ಥರ್ಮಾಕೋಲ್ ಎಂದರೆ ಉಬ್ಬಿಸಿದ ಪಾಲಿಸ್ಟೈರೀನ್. ಒಂದರಲ್ಲಿ ಇನ್ನೊಂದು ಸಕ್ಕರೆ ನೀರಿನಲ್ಲಿ ಕರಗಿದಂತೆ ಕರಗುತ್ತದೆ. ಪೆಟ್ರೋಲ್, ಪೇಂಟ್ ಥಿನ್ನರ್, ಚಪ್ಪಲಿ ಅಂಟಿಸುವ ಗೋಂದು ಕೂಡ ಅದನ್ನು ತಿನ್ನುತ್ತವೆ. ಬೇಕಾದದ್ದು ಎಪಾಕ್ಸಿ ರೆಸಿನ್; ಅದರಲ್ಲಿ ಸ್ಟೈರೀನ್ ಇಲ್ಲ. ಬೆಲೆ ಹೆಚ್ಚು, ನಿಜ. ತೆಳ್ಳನೆಯ ನೇಯ್ದ ಗಾಜಿನ ಬಟ್ಟೆ ಎರಡು ಪದರ ಎಪಾಕ್ಸಿಯಲ್ಲಿ ಕೂರಿಸಿ, ಒಣಗಿದ ಮೇಲೆ ಬಣ್ಣ ಬಳಿಯಿರಿ. ಎಪಾಕ್ಸಿ ಬರಿಮೈಯಲ್ಲಿ ಬಿಸಿಲಿಗೆ ನಿಲ್ಲುವುದಿಲ್ಲ. ಹಲಗೆ ಕೊಳ್ಳುವಾಗ ಟಿವಿ ಡಬ್ಬದಲ್ಲಿ ಬರುವಂಥ ಹಗುರ ಮಾಲು ಬೇಡ. ಘನ ಮೀಟರಿಗೆ 20 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಸಾಂದ್ರತೆ ಇರುವುದನ್ನು ಕೇಳಿ. ಕಾಳು ಕಾಳಾಗಿ ಉದುರಬಾರದು.

11. ಫೈಬರ್ ತೇಪೆಗೆ ಇಳಿಜಾರು ಕೊಡಿ

ತೂತಿನ ಮೇಲೆ ಸೀದಾ ತೇಪೆ ಅಂಟಿಸಿದರೆ ಅದು ಸಿಪ್ಪೆಯಂತೆ ಏಳುತ್ತದೆ. ಅಂಚನ್ನು ಓರೆಯಾಗಿ ತೇಯಿರಿ: ದಪ್ಪ 5 ಮಿ.ಮೀ. ಇದ್ದರೆ ಓರೆ 60 ಮಿ.ಮೀ., ಅಂದರೆ ದಪ್ಪದ 12 ಪಟ್ಟು. ಹಳೆ ಮೈಯಲ್ಲಿ ಮೇಣ, ಎಣ್ಣೆ ಉಳಿಯಬಾರದು. ಒಂದು ಕಿಲೋ ಗಾಜಿನ ಮ್ಯಾಟಿಗೆ ಎರಡರಿಂದ ಎರಡೂವರೆ ಕಿಲೋ ರೆಸಿನ್. ರೆಸಿನ್ ಹೆಚ್ಚು ಸುರಿದರೆ ಬಲ ಬರುವುದಿಲ್ಲ; ಬಲ ಗಾಜಿನದು, ರೆಸಿನ್ ಅದನ್ನು ಹಿಡಿದಿಡುವುದಷ್ಟೇ. ಸದಾ ನೀರಿನಲ್ಲಿರುವ ಭಾಗಕ್ಕೆ ಐಸೊ ರೆಸಿನ್ ಹಾಕಿ, ಸಾದಾ ರೆಸಿನ್ನಿನಲ್ಲಿ ಗುಳ್ಳೆ ಏಳುತ್ತವೆ.

ನಮ್ಮ ಕಡೆ ಏಪ್ರಿಲ್–ಮೇ ಬಿಸಿಲಿನಲ್ಲಿ ಹಾರ್ಡನರ್ ಎಂದಿನಂತೆ ಹಾಕಿದರೆ ಡಬ್ಬದಲ್ಲೇ ಗಟ್ಟಿಯಾಗಿ ಹೊಗೆ ಬರುತ್ತದೆ. ಬೆಳಗಿನ ತಂಪಿನಲ್ಲಿ ಕಲಸಿ, 1% ಸಾಕು. ಇದಕ್ಕಿಂತ ದೊಡ್ಡ ಎಚ್ಚರ: ರೆಸಿನ್ನಿಗೆ ಚುರುಕು ಕೊಡಲು ಹಾಕುವ ಕೋಬಾಲ್ಟ್ ಮತ್ತು ಹಾರ್ಡನರ್ ಎರಡನ್ನೂ ಎಂದೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ, ಬೆಂಕಿ ಹತ್ತಿ ಸಿಡಿಯುತ್ತದೆ. ಕೋಬಾಲ್ಟ್ ಮೊದಲು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ, ಹಾರ್ಡನರ್ ಕೊನೆಗೆ. ಹೊಸ ಹುಡುಗರಿಗೆ ಕೆಲಸ ಕಲಿಸುವಾಗ ಮೊದಲ ದಿನದ ಮೊದಲ ಮಾತು ಇದೇ ಆಗಿರಲಿ.

12. ಪ್ಲೈವುಡ್ಡಿಗೆ 710, ಮರಕ್ಕೆ ಚೇಗು

ಪ್ಲೈವುಡ್ ಮೇಲೆ ಐಎಸ್ 710 ಎಂಬ ಮುದ್ರೆ ಇರಬೇಕು. ಅದನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸಿರುತ್ತಾರೆ. ಐಎಸ್ 303 ಮನೆಯ ಕಪಾಟಿಗೆ. ಅನುಮಾನ ಬಂದರೆ ಅಂಗೈಯಗಲ ತುಂಡನ್ನು ದಿನವಿಡೀ ಕುದಿಸಿ, ಉಳಿಯಿಂದ ಪದರ ಬಿಡಿಸಲು ನೋಡಿ. ಕುಯ್ದ ಅಂಚುಗಳಿಗೆ ಎಪಾಕ್ಸಿ ಕುಡಿಸುವುದನ್ನು ಮರೆತರೆ 710 ಕೂಡ ಕೊಳೆಯುತ್ತದೆ, ಏಕೆಂದರೆ ನೀರು ಹೊಗುವುದು ಅಲ್ಲಿಂದಲೇ.

ಕರಾವಳಿಯಲ್ಲಿ ದೋಣಿಯ ಹಲಗೆಗೆ ಹೆಬ್ಬಲಸು ಹೆಸರುವಾಸಿ. ಅದು ನಮಗೆ ಸಿಗುವುದಿಲ್ಲ. ತೇಗ ಸಿಗುತ್ತದೆ, ದುಬಾರಿ. ಹುಟ್ಟಿನ ಹಿಡಿ, ಮೊಣಕಾಲಿನಂತೆ ಬಾಗಿದ ಆಧಾರ ಇಂಥವಕ್ಕೆ ಬಂಡಿಯ ಕೆಲಸದಲ್ಲಿ ಪಳಗಿದ ನಮ್ಮ ಜಾಲಿಯೇ ಸಾಕು. ಹುಟ್ಟಿನಿಂದಲೇ ಬಾಗಿದ ಕೊಂಬೆ ಹುಡುಕಿ. ನೇರ ಮರದಲ್ಲಿ ಬಾಗು ಕುಯ್ದರೆ ಎಳೆ ತುಂಡಾಗುತ್ತದೆ. ಬಿಳಿ ಭಾಗ ಬಿಡಿ, ಚೇಗು ಮಾತ್ರ ಬಳಸಿ. ಜಾಲಿಯಲ್ಲಿ ಒಗರು ಹೆಚ್ಚು. ಕಬ್ಬಿಣದ ಮೊಳೆ ಹೊಡೆದರೆ ಸುತ್ತ ಮಸಿಯಂತೆ ಕಪ್ಪಾಗಿ ಮೊಳೆ ಸಡಿಲುತ್ತದೆ. ಅಲ್ಲಿಗೆ ತಾಮ್ರ ಅಥವಾ ಸ್ಟೀಲ್. ಇದೂ ನೆರೆಹೊರೆಯದೇ ವಿಷಯ.

ಅಗ್ಗದ ಮರ ಎಂದು ಮೂಗು ಮುರಿಯಬೇಕಾಗಿಲ್ಲ. 1957ರಲ್ಲಿ ಕೊಚ್ಚಿಯಲ್ಲಿ ಶುರುವಾದ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯವರು, ಹುಳು ಹಿಡಿಯುವ ರಬ್ಬರ್ ಮರಕ್ಕೇ ರಾಸಾಯನಿಕ ಉಣಿಸಿ ಮೀನುಗಾರಿಕೆಯ ದೋಣಿ ಮಾಡಿ ತೋರಿಸಿದ್ದಾರೆ.

13. ಪುಟ್ಟಿಯ ಬಿದಿರು ಬಲಿತಿರಲಿ

ಹಂಪಿಯ ಹರಿಗೋಲಾಗಲಿ ನಮ್ಮ ಪುಟ್ಟಿಯಾಗಲಿ, ಎಲುಬು ಬಿದಿರಿನದು. ಮೂರು ವರ್ಷ ತುಂಬಿದ ಬಿದಿರು ತನ್ನಿ. ಎಳೆಯದರಲ್ಲಿ ಹಿಟ್ಟಿನಂಶ ಹೆಚ್ಚು, ಕೊರೆಹುಳು ಅದಕ್ಕೇ ಬರುತ್ತದೆ. ಕಡಿದದ್ದನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಆ ಅಂಶ ತೊಳೆದುಹೋಗುತ್ತದೆ. ಮುರಿದ ಪಟ್ಟಿ ಬದಲಾಯಿಸುವಾಗ ಹಸಿರು ಸಿಪ್ಪೆಯ ಮೈ ಹೊರಬದಿಗೆ ಇರಲಿ. ಡಾಂಬರು ಬಳಿಯುವ ಮುನ್ನ ಬಿದಿರು ಒಣಗಿರಬೇಕು. ಹಸಿ ಬಿದಿರಿನ ಮೇಲೆ ಡಾಂಬರು ಕೂರುವುದಿಲ್ಲ.

14. ರಬ್ಬರಿಗೂ ಪ್ಲಾಸ್ಟಿಕ್ಕಿಗೂ ಅವುಗಳದೇ ವೈರಿಗಳಿವೆ

ಹಳೆ ಟ್ಯೂಬು ಕತ್ತರಿಸಿ ಮಾಡಿದ ವಾಷರ್ ನೀರಿಗೆ ಆದೀತು, ಡೀಸೆಲ್ ತಾಗಿದರೆ ಊದಿ ಬೂರುಗದ ಹತ್ತಿಯಂತಾಗುತ್ತದೆ. ಎಣ್ಣೆ, ಡೀಸೆಲ್ ಇರುವಲ್ಲಿ ನೈಟ್ರೈಲ್. ಬಿಸಿಲು, ನೀರು ಮಾತ್ರ ಇರುವಲ್ಲಿ ಇಪಿಡಿಎಂ. ಅದಲು ಬದಲಾದರೆ ಎರಡೂ ವ್ಯರ್ಥ.

ದಡಕ್ಕೆ ಉಜ್ಜುವ ಅಂಚಿನ ಪಟ್ಟಿ, ಬಲೆ ಜಾರುವ ಉರುಳೆ, ಹಗ್ಗ ಕಟ್ಟುವ ಗೂಟ ಇವಕ್ಕೆ ಎಚ್‌ಡಿಪಿಇ ಹಲಗೆಯಷ್ಟು ಒಳ್ಳೆಯದು ಬೇರೆ ಕಾಣೆ. ಕೊಳೆಯದು, ತುಕ್ಕಿಲ್ಲ, ಕೈತಪ್ಪಿ ನೀರಿಗೆ ಬಿದ್ದರೆ ತೇಲುತ್ತದೆ. ಕಪ್ಪು ಬಣ್ಣದ್ದೇ ತನ್ನಿ, ಅದರಲ್ಲಿರುವ ಮಸಿ ಬಿಸಿಲು ತಡೆಯುತ್ತದೆ. ಅದಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ, ಬೋಲ್ಟೇ ಗತಿ. ಬಿಸಿಲಿಗೆ ಬೆಳೆಯುವ ಗುಣ ಇರುವುದರಿಂದ ಬೋಲ್ಟಿನ ತೂತನ್ನು ಉದ್ದಕ್ಕೆ ಕೊಯ್ಯಿರಿ, ದುಂಡಗೆ ಬೇಡ.

15. ಮುರಿದ ತುಂಡಿಗೆ ಚೀಟಿ ಕಟ್ಟಿ

ಯಾವ ದೋಣಿ, ಯಾವ ನೀರು, ಏನು ಹಾಕಿದಿರಿ, ಪಕ್ಕದಲ್ಲಿ ಯಾವ ಲೋಹ ಇತ್ತು, ಎಷ್ಟು ದಿನ ಬಾಳಿತು ಎಂದು ಬರೆದಿಡಿ. ನನ್ನ ಅಂಗಡಿಯ ಹಿಂಗೋಡೆಯ ತಂತಿಗೆ ಇಂಥ ತುಂಡುಗಳು ಸಾಲಾಗಿ ತೂಗುತ್ತವೆ. ಊದಿದ ನೈಲಾನ್ ಬುಶ್ ಇದೆ, ಗುಲಾಬಿ ಬಣ್ಣಕ್ಕೆ ತಿರುಗಿದ ಮಲ್ಪೆಯ ವಾಲ್ವ್ ಇದೆ, ಅಂಗೈಯಷ್ಟು ಕರಗಿದ ಥರ್ಮಾಕೋಲ್ ಇದೆ. ಹೊಸ ಕೆಲಸ ಬಂದಾಗ ನಾನು ಮೊದಲು ಹೋಗುವುದು ಆ ಗೋಡೆಯ ಹತ್ತಿರ. ಪಿನ್ನಿನ ಅಣ್ಣ ಎರಡು ಮಳೆಗಾಲ ಕಳೆದ ಮೇಲೆ ಮತ್ತೆ ಬಂದಿದ್ದರು. ಅವರು ತಂದ ತುಂಡಿನ ಚೀಟಿಯಲ್ಲಿ ಹೀಗೆ ಬರೆದಿದೆ: “ಸಿಂಗೂರು. ಹಿತ್ತಾಳೆ ಪಿನ್. ಸ್ಟೀಲ್ ಶಾಫ್ಟ್. ಕಲ್ಲಿಗೆ ಬಡಿದು ಮುರಿದದ್ದು. ಗೇರ್ ಚೆನ್ನಾಗಿದೆ.”